ಮೊದಲ ದೋಷಕ್ಕೆ ಟ್ರಿಪ್ ಆಗದ ಹಡಗು

ಮೈಸೂರಿನ ಲಕ್ಷ್ಮೀಪುರಂನಲ್ಲಿ ಮುಂಗಾರಿಗೆ ಮುಂಚಿನ ಗಾಳಿಮಳೆ ಬಂತೆಂದರೆ ಯಾವುದಾದರೊಂದು ಬೀದಿಯಲ್ಲಿ ಕರೆಂಟು ಹೋಗುವುದು ವಾಡಿಕೆ. ಮರದ ಕೊಂಬೆ ತಂತಿಯ ಮೇಲೆ ಬೀಳುತ್ತದೆ, ಟ್ರಾನ್ಸ್‌ಫಾರ್ಮರಿನ ಫ್ಯೂಸು ಹಾರುತ್ತದೆ, ಸೆಸ್ಕ್‌ನ ಲೈನ್‌ಮನ್ ಬರುವವರೆಗೆ ಕತ್ತಲು. ಮನೆಯೊಳಗಿನ ಕಥೆಯೂ ಅಷ್ಟೇ. ಗೀಸರಿನ ಕಾಯಿಲ್ ಹಾಳಾಗಿ ಕರೆಂಟು ಅರ್ಥಿಂಗ್ ತಂತಿಗೆ ಸೋರತೊಡಗಿದರೆ, ಆ ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಆರ್‌ಸಿಸಿಬಿ ಟಕ್ಕೆಂದು ಬೀಳುತ್ತದೆ. ಬಯ್ದುಕೊಂಡರೂ ಅದು ನಮ್ಮ ಜೀವ ಉಳಿಸುವ ಏರ್ಪಾಡು. ದೋಷ ಕಂಡ ಕೂಡಲೇ ಸರಬರಾಜು ನಿಲ್ಲಬೇಕು ಎನ್ನುವುದು ನೆಲದ ಮೇಲಿನ ವಿದ್ಯುತ್ ವ್ಯವಸ್ಥೆಯ ಮೊದಲ ಕಟ್ಟಳೆ.

ಇದೇ ಊರಿನಿಂದ ಮಡಿಕೇರಿ ದಾರಿ ಹಿಡಿದು ಸುಮಾರು 250 ಕಿಲೋಮೀಟರ್ ಹೋಗಿ ಮಂಗಳೂರು ಸೇರಿ, ಪಣಂಬೂರಿನ ಬಂದರಿನಲ್ಲಿ ನಿಂತ ಯಾವುದಾದರೂ ಸರಕು ಹಡಗಿನ ಎಂಜಿನ್ ಕೋಣೆಗೆ ಇಳಿದರೆ ಕಟ್ಟಳೆ ತಲೆಕೆಳಗಾಗಿರುತ್ತದೆ. ಅಲ್ಲಿ ಒಂದು ಫೇಸಿನ ತಂತಿ ಬಿಚ್ಚಿಕೊಂಡು ಹಡಗಿನ ಕಬ್ಬಿಣದ ಒಡಲಿಗೆ ತಗುಲಿದರೂ ಯಾವ ಬ್ರೇಕರೂ ಬೀಳುವುದಿಲ್ಲ. ಮೋಟಾರು ಓಡುತ್ತಲೇ ಇರುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ಕಂಟ್ರೋಲ್ ರೂಮಿನಲ್ಲಿ ಒಂದು ಅಲಾರಂ ಕೂಗುತ್ತದೆ. ಅಷ್ಟೇ.

ಇದು ಅಜಾಗರೂಕತೆಯಲ್ಲ, ಬೇಕೆಂದೇ ಮಾಡಿದ ವಿನ್ಯಾಸ. ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ನ್ಯೂಟ್ರಲನ್ನು ನೆಲಕ್ಕೆ ಕಟ್ಟಿರುತ್ತಾರೆ. ಹಾಗಾಗಿ ನೆಲ ಮುಟ್ಟಿದ ಕರೆಂಟಿಗೆ ಹಿಂತಿರುಗುವ ದಾರಿ ಸಿಗುತ್ತದೆ, ಫ್ಯೂಸು ಹಾರುತ್ತದೆ. ಹಡಗಿನ 440 ವೋಲ್ಟ್, 60 ಹರ್ಟ್ಸ್ ಸರಬರಾಜಿನಲ್ಲಿ ಮೂರೇ ತಂತಿ. ನ್ಯೂಟ್ರಲನ್ನು ಒಡಲಿಗೆ ಕಟ್ಟಿರುವುದಿಲ್ಲ. ಒಂದು ತಂತಿ ಒಡಲಿಗೆ ತಗುಲಿದರೆ ಸರ್ಕಿಟ್ ಪೂರ್ತಿಯಾಗದ ಕಾರಣ ದೊಡ್ಡ ಕರೆಂಟು ಹರಿಯುವುದಿಲ್ಲ. ಹೀಗೆ ವಿನ್ಯಾಸ ಮಾಡಲು ಕಾರಣ ಸರಳ: ಚುಕ್ಕಾಣಿ ತಿರುಗಿಸುವ ಮೋಟಾರು ಬಂದರಿನ ಬಾಯಲ್ಲಿ ಸಣ್ಣ ಸೋರಿಕೆಗೆ ಹೆದರಿ ನಿಂತುಬಿಟ್ಟರೆ, ಆ ‘ರಕ್ಷಣೆ’ಯಿಂದಲೇ ಹಡಗು ಬಂಡೆಗೆ ಬಡಿದೀತು. ಚುಕ್ಕಾಣಿಯ ಮೋಟಾರಿಗೆ ಓವರ್‌ಲೋಡ್ ಆದರೂ ಸಾಮಾನ್ಯವಾಗಿ ಅಲಾರಂ ಮಾತ್ರ, ಟ್ರಿಪ್ ಇಲ್ಲ. ಮೋಟಾರು ಸುಟ್ಟರೂ ಚಿಂತೆಯಿಲ್ಲ, ಅಲ್ಲಿಯತನಕ ತಿರುಗಲಿ ಎಂಬ ಲೆಕ್ಕ. (6,600 ವೋಲ್ಟಿನಂಥ ಹೈ ವೋಲ್ಟೇಜ್ ಇರುವ ದೊಡ್ಡ ಹಡಗುಗಳಲ್ಲಿ ಆ ಭಾಗದ ನ್ಯೂಟ್ರಲನ್ನು ರೆಸಿಸ್ಟರ್ ಮೂಲಕ ಒಡಲಿಗೆ ಕಟ್ಟುತ್ತಾರೆ, ಅಲ್ಲಿನ ಲೆಕ್ಕ ಬೇರೆ.)

ಆದರೆ ಈ ಔದಾರ್ಯ ಒಂದೇ ಒಂದು ಸಲ. ಮೊದಲ ಫೇಸು ಒಡಲಿಗೆ ತಗುಲಿರುವಾಗಲೇ ಮತ್ತೊಂದು ಫೇಸು ಬೇರೆಲ್ಲೋ ತಗುಲಿದರೆ, ಎರಡರ ನಡುವೆ ಹಡಗಿನ ಒಡಲೇ ತಂತಿಯಾಗುತ್ತದೆ. ಶಾರ್ಟ್ ಸರ್ಕಿಟ್. ಆಗ ಎರಡು ಬ್ರೇಕರುಗಳಲ್ಲಿ ಯಾವುದು ಬೀಳುತ್ತದೆಂದು ಮೊದಲೇ ಹೇಳಲಾಗದು. ಅಡುಗೆಮನೆಯ ಓವನ್ನಿನದೂ ಆಗಬಹುದು, ಚುಕ್ಕಾಣಿಯದೂ ಆಗಬಹುದು. ಹಡಗಿನಲ್ಲಿ ವಿದ್ಯುತ್ ನೋಡಿಕೊಳ್ಳುವವನ ಕೆಲಸವೆಲ್ಲ ಮೊದಲ ದೋಷಕ್ಕೂ ಎರಡನೆಯ ದೋಷಕ್ಕೂ ನಡುವಿನ ಬಿಡುವಿನಲ್ಲಿ ನಡೆಯಬೇಕಾದದ್ದು. ಆ ಬಿಡುವು ಹತ್ತು ನಿಮಿಷವೋ ಹತ್ತು ದಿನವೋ ಯಾರಿಗೂ ತಿಳಿದಿರುವುದಿಲ್ಲ.

ಭಾರತೀಯ ಸಿಬ್ಬಂದಿಯಿರುವ ಹಡಗುಗಳಲ್ಲಿ ಈ ಕೆಲಸದವನನ್ನು ‘ಬತ್ತಿ ಸಾಬ್’ ಎಂದು ಕರೆಯುವ ರೂಢಿಯಿದೆ. ಕಾಗದದಲ್ಲಿ ಅವನು ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್, ಅಂದರೆ ಇಟಿಒ. ಸಾಮಾನ್ಯವಾಗಿ ಹಡಗಿಗೊಬ್ಬನೇ ಇರುತ್ತಾನೆ. ಸಂಶಯ ಬಂದರೆ ಕೇಳಲು ಪಕ್ಕದಲ್ಲಿ ಇನ್ನೊಬ್ಬ ಎಲೆಕ್ಟ್ರಿಷಿಯನ್ ಇಲ್ಲ, ಬಿಡಿಭಾಗ ತರಲು ಅಂಗಡಿಯೂ ಇಲ್ಲ.

ಅರ್ತ್ ಫಾಲ್ಟ್, ಅಂದರೆ ಒಡಲಿಗೆ ತಗುಲಿದ ದೋಷ, ಹುಡುಕುವ ಬಗೆ ಹಳೆಯದು, ಆದರೆ ಪತ್ತೇದಾರಿಯ ರುಚಿಯುಳ್ಳದ್ದು. ಮುಖ್ಯ ಸ್ವಿಚ್‌ಬೋರ್ಡಿನ ಮೇಲೆ ಮೂರು ದೀಪಗಳಿರುತ್ತವೆ, ಒಂದೊಂದು ಫೇಸಿಗೂ ಒಡಲಿಗೂ ನಡುವೆ ಒಂದೊಂದು. ಎಲ್ಲ ಸರಿಯಿದ್ದಾಗ ಮೂರೂ ಒಂದೇ ಮಂದ ಬೆಳಕಿನಲ್ಲಿರುತ್ತವೆ, ಏಕೆಂದರೆ ಪ್ರತಿಯೊಂದರ ಪಾಲಿಗೆ ಸುಮಾರು 254 ವೋಲ್ಟ್. ಒಂದು ಫೇಸು ಒಡಲಿಗೆ ತಗುಲಿದರೆ ಆ ದೀಪ ಆರುತ್ತದೆ, ಉಳಿದೆರಡಕ್ಕೆ ಪೂರ್ತಿ 440 ಸಿಕ್ಕಿ ಪ್ರಖರವಾಗುತ್ತವೆ. ಪಕ್ಕದ ಮೀಟರು ಇನ್ಸುಲೇಷನ್ ಎಷ್ಟು ಮೆಗಾಓಮ್ ಉಳಿದಿದೆ ಎಂದು ತೋರಿಸುತ್ತದೆ. ಇವೆರಡೂ ದೋಷವಿದೆ ಎಂದು ಹೇಳಬಲ್ಲವೇ ಹೊರತು ಎಲ್ಲಿದೆ ಎಂದು ಹೇಳಲಾರವು. ನೂರಾರು ಕಿಲೋಮೀಟರ್ ಕೇಬಲಿರುವ ಹಡಗಿನಲ್ಲಿ ಆ ‘ಎಲ್ಲಿ’ಯೇ ಸಮಸ್ಯೆ.

ಅನುಭವಿಯಾದವನು ಕೂಡಲೇ ಸ್ವಿಚ್ಚುಗಳಿಗೆ ಕೈ ಹಾಕುವುದಿಲ್ಲ. ಮೊದಲು ಗಡಿಯಾರ ನೋಡುತ್ತಾನೆ. ಅಲಾರಂ ಸಂಜೆ ಬಂದು ಬೆಳಗಾಗುತ್ತಲೇ ತಾನಾಗಿ ಹೋಗುತ್ತಿದ್ದರೆ ಡೆಕ್ಕಿನ ಫ್ಲಡ್‌ಲೈಟಿನೊಳಗೆ ನೀರು ಹೊಕ್ಕಿರಬೇಕು. ತಿಂಡಿ, ಊಟದ ಹೊತ್ತಿಗೆ ಬಂದರೆ ಅಡುಗೆಮನೆಯ ಹಾಟ್‌ಪ್ಲೇಟು. ಕೆಲವು ಗಂಟೆಗಳಿಗೊಮ್ಮೆ ಬಂದು, ಸ್ವಲ್ಪ ಹೊತ್ತಿದ್ದು ಮಾಯವಾದರೆ ಶೀತಲ ಕಂಟೇನರಿನ ಡಿಫ್ರಾಸ್ಟ್ ಹೀಟರ್. ಅದು ತನ್ನ ಸರದಿ ಬಂದಾಗಷ್ಟೇ ಚಾಲೂ ಆಗುತ್ತದೆ. ಹಡಗು ಹೊರಳಿದಾಗ ಮಾತ್ರ ಬಂದರೆ ಎಲ್ಲೋ ಜಂಕ್ಷನ್ ಬಾಕ್ಸಿನಲ್ಲಿ ನೀರು ನಿಂತು ಆಚೀಚೆ ತುಳುಕುತ್ತಿದೆ. ನಿನ್ನೆ ಯಾವ ಕೆಲಸ ನಡೆಯಿತು, ಯಾರು ಎಲ್ಲಿ ನೀರು ಹೊಡೆದು ತೊಳೆದರು ಎಂದು ಡೆಕ್ಕಿನ ಹುಡುಗರನ್ನು ಕೇಳಿದರೆ ಎಷ್ಟೋ ಸಲ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಫೀಡರುಗಳ ಸರದಿ. ಒಬ್ಬ ಮೀಟರಿನ ಮುಂದೆ ನಿಲ್ಲುತ್ತಾನೆ, ಇನ್ನೊಬ್ಬ ಒಂದೊಂದೇ ಬ್ರೇಕರ್ ತೆಗೆದು ಹಾಕುತ್ತಾನೆ. ಯಾವುದನ್ನು ತೆಗೆದಾಗ ಮೀಟರು ಮೇಲೇಳುತ್ತದೋ ದೋಷ ಆ ದಾರಿಯಲ್ಲಿದೆ. ಲಾಂಡ್ರಿ, ಅಡುಗೆಮನೆ, ಏಸಿ ಇವುಗಳನ್ನು ಆರಿಸಲು ಯಾರ ಅಪ್ಪಣೆಯೂ ಬೇಕಿಲ್ಲ, ಅಡುಗೆಯವನ ಮುನಿಸನ್ನು ಬಿಟ್ಟರೆ. ಎಂಜಿನ್ನಿನ ಆಯಿಲ್ ಪಂಪಿನ ಮೇಲೆ ಸಂಶಯವಿದ್ದರೆ ಜೋಡಿ ಪಂಪನ್ನು ಚಾಲೂ ಮಾಡಿ, ಹೊರೆ ವರ್ಗಾಯಿಸಿ, ಆಮೇಲೆ ಇದನ್ನು ನಿಲ್ಲಿಸಬೇಕು. ನೌಕಾಯಾನದ ಉಪಕರಣಗಳ ಸರ್ಕಿಟ್ಟಾದರೆ ಬ್ರಿಡ್ಜಿನಿಂದ ಅನುಮತಿ ಬರಬೇಕು. ಹೊಸಬರು ಎಡವುವ ಜಾಗವೊಂದಿದೆ: ದೀಪಗಳ 220 ವೋಲ್ಟಿನ ಜಾಲ ಟ್ರಾನ್ಸ್‌ಫಾರ್ಮರಿನಾಚೆ ಇರುವುದರಿಂದ, ಅಲ್ಲಿನ ಸೋರಿಕೆ 440ರ ಮೀಟರಿನಲ್ಲಿ ಕಾಣಿಸುವುದೇ ಇಲ್ಲ. ಅದಕ್ಕೆ ಬೇರೆಯೇ ಮೀಟರಿದೆ. ತಪ್ಪು ಬೋರ್ಡಿನ ಮುಂದೆ ನಿಂತು ಇಡೀ ರಾತ್ರಿ ಬ್ರೇಕರ್ ಎತ್ತಿ ಇಳಿಸಿದರೂ ಏನೂ ಸಿಗದು.

ಸರ್ಕಿಟ್ ಸಿಕ್ಕ ಮೇಲೆ ಅದನ್ನು ಬೀಗ ಹಾಕಿ ಪ್ರತ್ಯೇಕಿಸಿ, ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಹಿಡಿದು ಅದು ಕೆಲಸ ಮಾಡುತ್ತಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಇಲ್ಲಿ ಹಿಡಿದು, ಮತ್ತೆ ಅಲ್ಲಿ ಹಿಡಿದು ನೋಡಬೇಕು. ನಂತರ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್. ಎಲೆಕ್ಟ್ರಾನಿಕ್ ಕಾರ್ಡುಗಳನ್ನು ಬಿಡಿಸದೆ ಮೆಗ್ಗರ್ ಹೊಡೆದರೆ, ಇದ್ದ ಒಂದು ದೋಷದ ಜೊತೆಗೆ ಹೊಸದೊಂದನ್ನು ತಾವೇ ಸೃಷ್ಟಿಸಿದಂತೆ. ನ್ಯೂಟ್ರಲ್ ಕಟ್ಟದ ವ್ಯವಸ್ಥೆಯಲ್ಲಿ ಒಂದು ತಂತಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆಯೊಂದು ಇದೆ. ಅದು ಅಪಾಯಕಾರಿ ಸುಳ್ಳು. ಉದ್ದುದ್ದ ಕೇಬಲುಗಳೂ ಒಡಲೂ ಸೇರಿ ಕೆಪಾಸಿಟರಿನಂತೆ ವರ್ತಿಸುವುದರಿಂದ ಪ್ರಾಣ ತೆಗೆಯುವಷ್ಟು ಕರೆಂಟು ಹರಿಯಬಲ್ಲದು.

ಸಮುದ್ರದಲ್ಲಿ ದೋಷಗಳು ಯಾಕಿಷ್ಟು ಎಂದರೆ, ವಿದ್ಯುತ್ತಿಗೆ ಆಗದ್ದೆಲ್ಲ ಅಲ್ಲಿದೆ. ಉಪ್ಪುಗಾಳಿ ಪಿನ್ನುಗಳನ್ನು ತಿನ್ನುತ್ತದೆ. ನಿಂತ ಮೋಟಾರಿನೊಳಗೆ ತೇವ ಕೂಡುತ್ತದೆ. ಅದಕ್ಕೇ ದೊಡ್ಡ ಮೋಟಾರುಗಳಲ್ಲಿ ಪುಟ್ಟ ಹೀಟರ್ ಇಟ್ಟಿರುತ್ತಾರೆ, ಅದು ಕೆಟ್ಟಿದೆಯೆಂದು ಮೋಟಾರು ಸುಡುವವರೆಗೂ ಯಾರೂ ಗಮನಿಸುವುದಿಲ್ಲ. ಎಲ್ಲಕ್ಕಿಂತ ಮೇಲಿನ ಶತ್ರು ಎಂಜಿನ್ನಿನ ನಡುಕ. ದಿನದ ಇಪ್ಪತ್ನಾಲ್ಕು ಗಂಟೆಯೂ ನಡುಗುವ ಕಬ್ಬಿಣದಲ್ಲಿ ಬಿಗಿಯಾದ ಸ್ಕ್ರೂ ಕೂಡ ನಿಧಾನ ಸಡಿಲುತ್ತದೆ. ಸಡಿಲಾದ ತಂತಿ ಒಮ್ಮೆಗೇ ಕಳಚಿ ಬೀಳುವುದಿಲ್ಲ. ಒಂದು ಹೊತ್ತು ತಾಗಿ, ಒಂದು ಹೊತ್ತು ಬಿಟ್ಟು ಆಟವಾಡಿಸುತ್ತದೆ. ಬತ್ತಿ ಸಾಬ್ ಮೀಟರ್ ಹಿಡಿದು ಬಂದಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಅಂಥ ಒಂದು ತಂತಿಯ ಕಥೆ ಈಗ ಜಗತ್ತಿಗೆಲ್ಲ ಗೊತ್ತು. 2024ರ ಮಾರ್ಚ್ 26ರ ನಸುಕಿನಲ್ಲಿ, ಬಹುಪಾಲು ಭಾರತೀಯ ಸಿಬ್ಬಂದಿಯಿದ್ದ ‘ಡಾಲಿ’ ಎಂಬ ಕಂಟೇನರ್ ಹಡಗು ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಕೊಲಂಬೊಗೆ ಹೊರಟಿತ್ತು. ಸುಮಾರು 300 ಮೀಟರ್ ಉದ್ದದ ಹಡಗು. ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಇನ್ನು ಮೂರು ಹಡಗಿನುದ್ದ ದೂರವಿದೆ ಎನ್ನುವಾಗ ದೀಪಗಳು ಆರಿದವು. ಪಂಪುಗಳು ನಿಂತು, ತಂಪು ನೀರಿನ ಒತ್ತಡ ಕುಸಿದು, ಮುಖ್ಯ ಎಂಜಿನ್ ತಾನಾಗಿ ಬಂದ್ ಆಯಿತು. ಸಿಬ್ಬಂದಿ ಒಂದು ನಿಮಿಷದೊಳಗೆ ಕರೆಂಟು ಮರಳಿ ತಂದರು. ಎಂಜಿನ್ ಮರಳಲಿಲ್ಲ, ಸ್ವಲ್ಪದರಲ್ಲೇ ಕರೆಂಟು ಎರಡನೆಯ ಸಲ ಹೋಯಿತು. 1 ಗಂಟೆ 29 ನಿಮಿಷಕ್ಕೆ ಹಡಗು ಸೇತುವೆಯ ಕಂಬಕ್ಕೆ ಬಡಿದು ಸೇತುವೆ ಕುಸಿಯಿತು. ಮೇಲೆ ರಸ್ತೆ ದುರಸ್ತಿ ಮಾಡುತ್ತಿದ್ದ ಆರು ಕಾರ್ಮಿಕರು ಸತ್ತರು. ಪೈಲಟ್ ಸಮಯಕ್ಕೆ ಸರಿಯಾಗಿ ಎಚ್ಚರಿಕೆ ಕೊಟ್ಟು ಪೊಲೀಸರು ವಾಹನಗಳನ್ನು ತಡೆಯದಿದ್ದರೆ ಸಂಖ್ಯೆ ಎಷ್ಟಾಗುತ್ತಿತ್ತೋ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನ್ನ ಅಂತಿಮ ನಿರ್ಣಯವನ್ನು ಪ್ರಕಟಿಸಿದ್ದು 2025ರ ನವೆಂಬರ್ 18ರಂದು. ಮೊದಲ ಕತ್ತಲಿಗೆ ಕಾರಣ, ಬ್ರೇಕರಿಗೆ ಸಂಕೇತ ಒಯ್ಯುವ ಒಂದು ಸಣ್ಣ ತಂತಿ. ಯಾವ ತಂತಿ ಯಾವುದೆಂದು ಗುರುತಿಸಲು ಅದರ ತುದಿಗೆ ತೊಡಿಸಿದ್ದ ಹೆಸರಿನ ಪಟ್ಟಿ ತುಸು ಮುಂದಕ್ಕೆ ಕೂತಿತ್ತು. ಪಟ್ಟಿಯ ದಪ್ಪ ಅಡ್ಡ ಬಂದು ತಂತಿಯ ತುದಿ ಟರ್ಮಿನಲ್ಲಿನ ಒಳಗೆ ಪೂರ್ತಿ ಹೋಗಿರಲಿಲ್ಲ. ಸ್ಪ್ರಿಂಗ್ ಅದನ್ನು ಕಚ್ಚಿಹಿಡಿಯುವ ಬದಲು ಬರೀ ತಾಗಿಸಿಕೊಂಡಿತ್ತು. ನೋಡುವವರ ಕಣ್ಣಿಗೆ ತಂತಿ ಇರಬೇಕಾದಲ್ಲೇ ಇತ್ತು. ಹಡಗು ಕಟ್ಟಿದ್ದು 2015ರಲ್ಲಿ. ಸಾವಿರಾರು ತಂತಿಗಳ ನಡುವೆ ಅದೊಂದು ತನ್ನ ದಿನಕ್ಕಾಗಿ ಕಾದಿತ್ತು.

ಇಷ್ಟನ್ನೇ ಕೇಳಿದರೆ ವಿಧಿಯನ್ನು ಬಯ್ದು ಸುಮ್ಮನಾಗಬಹುದು. ಆದರೆ ವರದಿಯ ಉಳಿದ ಭಾಗ ಹಾಗೆ ಬಿಡುವುದಿಲ್ಲ. ಆ ಹಡಗಿನಲ್ಲಿ ಕರೆಂಟಿಳಿಸುವ ಟ್ರಾನ್ಸ್‌ಫಾರ್ಮರುಗಳು ಎರಡಿದ್ದವು. ಒಂದು ಬಿದ್ದರೆ ಇನ್ನೊಂದು ತಾನಾಗಿ ಹೊರೆ ಹೊರುವ ಸೌಕರ್ಯವೂ ಇತ್ತು. ಆದರೆ ಅದನ್ನು ಮ್ಯಾನ್ಯುಯಲ್‌ನಲ್ಲಿ ಇಟ್ಟಿದ್ದರು. ಜನರೇಟರುಗಳಿಗೆ ಇಂಧನ ಒದಗಿಸಲು ಬಳಸುತ್ತಿದ್ದ ಪಂಪು ಅಸಲಿಗೆ ಕೊಳವೆ ತೊಳೆಯಲು ಇಟ್ಟಿದ್ದು. ಕರೆಂಟು ಹೋಗಿ ಬಂದ ಮೇಲೆ ಅದು ತಾನಾಗಿ ಚಾಲೂ ಆಗುವ ಜಾತಿಯದಲ್ಲ. ಎರಡನೆಯ ಕತ್ತಲಿಗೆ ಅದೇ ಕಾರಣ. ತಂತಿಯ ದೋಷ ಎಲೆಕ್ಟ್ರಿಕಲ್, ಪಂಪಿನ ದೋಷ ಮನುಷ್ಯನ ಅಭ್ಯಾಸದ್ದು. ಎರಡೂ ಒಂದೇ ರಾತ್ರಿ ಒಂದೇ ಸಾಲಿನಲ್ಲಿ ನಿಂತವು.

ಅದಕ್ಕೆ ಹಿಂದಿನ ದಿನ, ಬಂದರಿನಲ್ಲಿ ಕಟ್ಟಿಹಾಕಿದ್ದಾಗ, ಅದೇ ಹಡಗಿನಲ್ಲಿ ಎರಡು ಸಲ ಕರೆಂಟು ಹೋಗಿತ್ತು. ಸಿಬ್ಬಂದಿಯೊಬ್ಬ ತಪ್ಪಾಗಿ ಎಂಜಿನ್ನಿನ ಹೊಗೆದಾರಿಯ ಬಾಗಿಲು ಮುಚ್ಚಿದ್ದು ಒಂದಕ್ಕೆ ಕಾರಣ, ಇಂಧನದ ಒತ್ತಡ ಸಾಲದೆ ಹೋದದ್ದು ಇನ್ನೊಂದಕ್ಕೆ. ಸೇತುವೆಯ ಬಳಿಯ ಮೊದಲ ಕತ್ತಲಿಗೂ ಇವಕ್ಕೂ ನೇರ ಸಂಬಂಧವಿಲ್ಲ ಎನ್ನುವುದು ನಿಜ. ಆದರೂ ಇಂಧನದ ಒತ್ತಡ ಎಂಬ ಮಾತು ಎರಡು ದಿನವೂ ಬಂತಲ್ಲ ಎಂದು ಯಾವ ಬತ್ತಿ ಸಾಬ್‌ನಿಗಾದರೂ ಅನ್ನಿಸದೆ ಇರದು.

‘ಕ್ವೀನ್ ಮೇರಿ 2’ ಎಂಬ ವೈಭವದ ಪ್ರಯಾಣಿಕ ಹಡಗಿನದೂ ಮೊದಲ ದೋಷವನ್ನು ಮಲಗಿಸಿಟ್ಟ ಕಥೆಯೇ. 2010ರ ಸೆಪ್ಟೆಂಬರ್ 23ರ ನಸುಕಿನಲ್ಲಿ, ಬಾರ್ಸಿಲೋನ ಸಮೀಪಿಸುವಾಗ, ಅದರ ಹಿಂಬದಿಯ ಹಾರ್ಮೋನಿಕ್ ಫಿಲ್ಟರ್ ಕೋಣೆಯಲ್ಲಿ ಕೆಪಾಸಿಟರ್ ಸಿಡಿದು ಇಡೀ ಹಡಗು ಕತ್ತಲಾಯಿತು. ಅದೃಷ್ಟಕ್ಕೆ ಸುತ್ತ ತೆರೆದ ಸಮುದ್ರವಿತ್ತು, ಯಾರಿಗೂ ಪೆಟ್ಟಾಗಲಿಲ್ಲ. ಬ್ರಿಟನ್ನಿನ ತನಿಖಾಧಿಕಾರಿಗಳು ಕಂಡದ್ದು: ಕೆಪಾಸಿಟರ್ ಸವೆಯುವುದನ್ನು ಪತ್ತೆಹಚ್ಚಬೇಕಿದ್ದ ಉಪಕರಣ ವರ್ಷಗಳಿಂದ ಕೆಲಸ ಮಾಡುತ್ತಿರಲಿಲ್ಲ. ಕಾವಲುಗಾರ ಸತ್ತಿದ್ದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಸತ್ತ ಕಾವಲುಗಾರ ಅಲಾರಂ ಹೊಡೆಯುವುದಿಲ್ಲ.

ಕತ್ತಲಿನ ಬೇರು ವಿದ್ಯುತ್ತಿನಲ್ಲೇ ಇರಬೇಕೆಂದೂ ಇಲ್ಲ. 2019ರ ಮಾರ್ಚ್ 23ರಂದು ನಾರ್ವೆ ತೀರದ ಬಿರುಗಾಳಿಯಲ್ಲಿ ‘ವೈಕಿಂಗ್ ಸ್ಕೈ’ 1,373 ಜನರೊಂದಿಗೆ ಬಂಡೆಗಳತ್ತ ತೇಲತೊಡಗಿದಾಗ, ಎಲೆಕ್ಟ್ರಿಷಿಯನ್ ಎಷ್ಟು ಜಾಣನಾದರೂ ಸ್ವಿಚ್‌ಬೋರ್ಡಿನಲ್ಲಿ ದೋಷ ಕಾಣುತ್ತಿರಲಿಲ್ಲ. ಜನರೇಟರ್ ಎಂಜಿನ್ನುಗಳಲ್ಲಿ ಆಯಿಲ್ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು; ಹಡಗು ಹೊರಳಿದಾಗ ಪಂಪು ಗಾಳಿ ಹೀರಿತು, ಎಂಜಿನ್ನುಗಳು ತಮ್ಮನ್ನು ತಾವು ಉಳಿಸಿಕೊಳ್ಳಲು ನಿಂತುಬಿಟ್ಟವು. ನಾಲ್ಕರಲ್ಲಿ ಒಂದು ಎಂಜಿನ್ ರಿಪೇರಿ ಕಾಯುತ್ತ ಮೊದಲೇ ಮೂಲೆ ಸೇರಿತ್ತು. ಹೀಗೆ ನಿಂತ ಹಡಗಿನಲ್ಲಿ ಮೊದಲ ಪ್ರಶ್ನೆ ‘ಯಾವ ಬ್ರೇಕರ್ ಬಿತ್ತು’ ಎಂಬುದಲ್ಲ, ‘ಯಾವುದು ಮೊದಲು ಬಿತ್ತು’ ಎಂಬುದು. ಬ್ಲ್ಯಾಕ್‌ಔಟ್ ಆದಾಗ ಪರದೆಯ ಮೇಲೆ ನೂರಾರು ಅಲಾರಂ ಒಟ್ಟಿಗೆ ಬಂದು ಬೀಳುತ್ತವೆ. ಅವುಗಳಲ್ಲಿ ಕೆಲಸಕ್ಕೆ ಬರುವುದು ಸಾಮಾನ್ಯವಾಗಿ ಮೊದಲು ಬಂದ ಒಂದೆರಡು ಸಾಲು.

ತೈಲ ಬಾವಿಗಳ ಬಳಿ ಕೆಲಸ ಮಾಡುವ ಹಡಗುಗಳಿಗೆ ಬ್ಲ್ಯಾಕ್‌ಔಟ್ ಇನ್ನೂ ಅಪಾಯಕಾರಿ. ಅವು ಲಂಗರು ಹಾಕುವುದಿಲ್ಲ. ಡೈನಾಮಿಕ್ ಪೊಸಿಷನಿಂಗ್ ಎಂಬ ಕಂಪ್ಯೂಟರ್ ವ್ಯವಸ್ಥೆ ಉಪಗ್ರಹದಿಂದ ಸ್ಥಾನ ತಿಳಿದು, ಥ್ರಸ್ಟರುಗಳನ್ನು ಕ್ಷಣಕ್ಷಣಕ್ಕೂ ತಿರುಗಿಸುತ್ತ, ಕಬ್ಬಿಣದ ವೇದಿಕೆಯಿಂದ ಕೆಲವೇ ಮೀಟರ್ ದೂರದಲ್ಲಿ ಹಡಗನ್ನು ಹಿಡಿದು ನಿಲ್ಲಿಸುತ್ತದೆ. ಕರೆಂಟು ಹೋದರೆ ಹಿಡಿತವೇ ಹೋಯಿತು. ಅದಕ್ಕೇ ಸ್ವಿಚ್‌ಬೋರ್ಡನ್ನು ಎರಡು ಭಾಗ ಮಾಡಿ, ಒಂದು ಭಾಗ ಪೂರ್ತಿ ಸತ್ತರೂ ಇನ್ನೊಂದರ ಬಲದಿಂದ ನಿಲ್ಲುವಂತೆ ಕಟ್ಟಿರುತ್ತಾರೆ. 2012ರ ಸೆಪ್ಟೆಂಬರ್ 18ರಂದು ಉತ್ತರ ಸಮುದ್ರದಲ್ಲಿ ‘ಬಿಬ್ಬಿ ಟೋಪಾಜ್’ ಹಡಗಿನ ಡೈನಾಮಿಕ್ ಪೊಸಿಷನಿಂಗ್ ವ್ಯವಸ್ಥೆ ಕೈಕೊಟ್ಟು ಹಡಗು ತೇಲಿಹೋಯಿತು. ಆಳದಲ್ಲಿ ಕೆಲಸ ಮಾಡುತ್ತಿದ್ದ ಮುಳುಗುಗಾರ ಕ್ರಿಸ್ ಲೆಮನ್ಸ್ ಅವರ ಉಸಿರಿನ ಕೊಳವೆ ತುಂಡಾಯಿತು. ಬೆನ್ನ ಮೇಲಿದ್ದ ತುರ್ತು ಅನಿಲ ಕೆಲವೇ ನಿಮಿಷಕ್ಕೆ ಸಾಕಾಗುವಷ್ಟು; ಹಡಗು ಮರಳಿ ಬಂದು ಅವರನ್ನು ಎತ್ತುವಷ್ಟರಲ್ಲಿ ಅರ್ಧ ಗಂಟೆ ಮೀರಿತ್ತು. ಅವರು ಬದುಕಿದ್ದು ಇವತ್ತಿಗೂ ಅಚ್ಚರಿ.

ನಮ್ಮ ಅರಬ್ಬೀ ಸಮುದ್ರದ ಕಥೆಗೆ ಅಂಥ ಸುಖಾಂತ್ಯವಿಲ್ಲ. 2005ರ ಜುಲೈ 27, ಮುಂಬೈ ಮಹಾಮಳೆಯ ಮರುದಿನ. ಬೆರಳಿಗೆ ಪೆಟ್ಟಾದ ಅಡುಗೆಯವನನ್ನು ಚಿಕಿತ್ಸೆಗೆ ದಾಟಿಸಲು ‘ಸಮುದ್ರ ಸುರಕ್ಷಾ’ ಎಂಬ ಹಡಗು ಮುಂಬೈ ಹೈ ನಾರ್ತ್ ತೈಲ ವೇದಿಕೆಯ ಪಕ್ಕಕ್ಕೆ ಬಂತು. ಅದರ ಬಲಬದಿಯ ಥ್ರಸ್ಟರ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಎಂಬುದು ಮೊದಲೇ ತಿಳಿದಿತ್ತು. ಹಾಗಾಗಿ ಕಂಪ್ಯೂಟರಿನ ಹಿಡಿತ ಬಿಟ್ಟು ಕೈಯಿಂದಲೇ ನಡೆಸುತ್ತಿದ್ದರು. ಅಲೆಗಳು ತಳ್ಳಿದವು, ಹಡಗಿನ ಹೆಲಿಡೆಕ್ ಗ್ಯಾಸಿನ ಕೊಳವೆಗೆ ಬಡಿಯಿತು, ಬೆಂಕಿಗೆ 22 ಜನ ಬಲಿಯಾದರು. ವೇದಿಕೆ ಎರಡು ಗಂಟೆಗಳಲ್ಲಿ ಸುಟ್ಟುಹೋಯಿತು. ಕೆಟ್ಟ ಥ್ರಸ್ಟರ್ ಒಂದೇ ಆಗಿದ್ದರೆ ಅನಾಹುತವಲ್ಲ, ಮಳೆಗಾಲದ ಅಲೆ ಒಂದೇ ಆಗಿದ್ದರೂ ಅಲ್ಲ.

ಮೈಸೂರಿನವರಿಗೆ ಇದೆಲ್ಲ ದೂರದ ಮಾತೆನಿಸಬಹುದು. ಹಾಗೇನಿಲ್ಲ. ಹಡಗಿನ ಇಟಿಒ ಆಗುವವರಲ್ಲಿ ಬಹಳ ಮಂದಿ ಕಡಲ ಮಕ್ಕಳಲ್ಲ. ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿ, ನೌಕಾಯಾನ ಮಹಾನಿರ್ದೇಶನಾಲಯ ಒಪ್ಪಿದ ಸುಮಾರು ನಾಲ್ಕು ತಿಂಗಳ ತರಬೇತಿ ಪಡೆದು ಹಡಗು ಹತ್ತುವವರು. ಲಕ್ಷ್ಮೀಪುರಂ ಆಸುಪಾಸಿನಲ್ಲೇ ಇರುವ, 1946ರಲ್ಲಿ ಶುರುವಾದ ಎನ್‌ಐಇಯಂಥ ಕಾಲೇಜಿನ ಪದವೀಧರನಿಗೂ ಈ ದಾರಿ ತೆರೆದಿದೆ. ಇಟಿಒ ಹುದ್ದೆಗೆ ಅಂತರರಾಷ್ಟ್ರೀಯ ಮಾನ್ಯತೆಯ ಪ್ರಮಾಣಪತ್ರ ಬಂದದ್ದೇ ಈಚೆಗೆ, ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ತಂದ ಮನಿಲಾ ತಿದ್ದುಪಡಿಗಳು ಜಾರಿಯಾದ 2012ರ ಜನವರಿ 1ರಿಂದ. ಅದಕ್ಕೆ ಮೊದಲು ಎಷ್ಟೋ ಕಂಪನಿಗಳು ಈ ಹುದ್ದೆಯನ್ನು ದಂಡದ ಖರ್ಚೆಂದು ತೆಗೆದೇ ಹಾಕಿದ್ದವು. ಈಗ ಹಡಗುಗಳೇ ವಿದ್ಯುತ್ತಿನ ಕಡೆ ವಾಲುತ್ತಿವೆ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿಯಿಂದ ಪಡೆದ ಬೇಡಿಕೆ 3,800 ಟನ್ನಿನ ಡೀಸೆಲ್-ಎಲೆಕ್ಟ್ರಿಕ್ ಸರಕು ಹಡಗುಗಳಿಗೆ. ಡೀಸೆಲ್ ಎಂಜಿನ್ ಕರೆಂಟು ಮಾಡುತ್ತದೆ, ಕರೆಂಟು ಪ್ರೊಪೆಲ್ಲರ್ ತಿರುಗಿಸುತ್ತದೆ. ಅಂಥ ಹಡಗಿನಲ್ಲಿ ಬತ್ತಿ ಸಾಬ್ ಹುಡುಕುವ ದೋಷವೆಂದರೆ ಇಡೀ ಹಡಗಿನ ದೋಷ.

ಹೊಸ ಹಡಗನ್ನು ಒಪ್ಪಿಸುವ ಮುನ್ನ ಬೇಕೆಂದೇ ಕತ್ತಲು ಮಾಡುವ ಪರೀಕ್ಷೆಯೊಂದಿದೆ. ಸರ್ವೇಯರ್ ಕೈಯಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಾನೆ, ಮುಖ್ಯ ಸರಬರಾಜನ್ನು ಕಡಿಯುತ್ತಾರೆ. ತುರ್ತು ಜನರೇಟರ್ ತಾನಾಗಿ ಶುರುವಾಗಿ 45 ಸೆಕೆಂಡಿನೊಳಗೆ ಹೊರೆ ಹೊರಬೇಕು ಎನ್ನುವುದು ಅಂತರರಾಷ್ಟ್ರೀಯ ನಿಯಮ. ಡೈನಾಮಿಕ್ ಪೊಸಿಷನಿಂಗ್ ಇರುವ ಹಡಗುಗಳಲ್ಲಿ ವರ್ಷಕ್ಕೊಮ್ಮೆ ಒಂದೊಂದೇ ದೋಷವನ್ನು ಕೃತಕವಾಗಿ ಹುಟ್ಟಿಸಿ ಹಡಗು ನಿಂತಲ್ಲೇ ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಇಂಥ ಪರೀಕ್ಷೆಗಳು ಒಳ್ಳೆಯವೇ, ಆದರೆ ಅವು ಆ ದಿನದ ಮಾತನ್ನು ಮಾತ್ರ ಹೇಳುತ್ತವೆ. ಅರೆ ಹೊಕ್ಕ ತಂತಿಯೂ ಆ ದಿನ ಪಾಸಾಗಿಬಿಡಬಹುದು. ಹೊರೆ ಹೊತ್ತ ಸಡಿಲ ಜೋಡಣೆ ಬಿಸಿಯಾಗಿ ಕಣ್ಣಿಗೆ ಕಾಣದಿದ್ದರೂ ಥರ್ಮಲ್ ಕ್ಯಾಮೆರಾಕ್ಕೆ ಕಾಣುತ್ತದೆ. ಬಾಲ್ಟಿಮೋರ್ ತನಿಖೆಯ ನಂತರ ಅದರ ಬಳಕೆಗೆ ಒತ್ತು ಬಂದಿದೆ. ಸಂಕೇತದ ತಂತಿಯಲ್ಲಿ ಕರೆಂಟು ತೀರ ಕಡಿಮೆಯಾದ್ದರಿಂದ ಅಲ್ಲಿ ಕ್ಯಾಮೆರಾವನ್ನೊಂದೇ ನಂಬಿ ಕೂರಲಾಗದು. ಹೆಸರಿನ ಪಟ್ಟಿಯನ್ನು ಹಿಂದಕ್ಕೆ ಸರಿಸಿ, ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಹಗುರಾಗಿ ಎಳೆದು ನೋಡಬೇಕು. ಒಂದು ಪ್ಯಾನಲಿನಲ್ಲಿ ಅಂಥವು ನೂರಾರು, ಒಂದು ಹಡಗಿನಲ್ಲಿ ಅಂಥ ಪ್ಯಾನಲುಗಳು ಹತ್ತಾರು; ಅವನ್ನೆಲ್ಲ ಎಳೆದು ನೋಡಲು ಸಿಗುವುದು ಹಡಗು ಬಂದರಿನಲ್ಲೋ ಡ್ರೈಡಾಕಿನಲ್ಲೋ ನಿಂತ ಕೆಲವು ದಿನಗಳು ಮಾತ್ರ.